ಬಟ್ಟೆ ಸುತ್ತುವ ಕಾಲು

ನಾರಿನ್
೫ ಏಪ್ರಿಲ್ ೧೯೮೭

ದಾಮಿರಾ, ನನ್ನ ಕುದುರೆಮರಿ,

'ಹಿಮಕ್ಕೆ ಎಲ್ಲರ ಹೆಜ್ಜೆಯೂ ಒಂದೇ...' ಇಂಥದೊಂದು ಸಾಲು ಬೆಳಗಿನಿಂದ ನಾಲಿಗೆಯ ಮೇಲಿದೆ. ಎಲ್ಲಿ ಓದಿದೆನೋ ನೆನಪಿಲ್ಲ. ಅದರ ಮುಂದೆ ಇನ್ನೇನೋ ಇತ್ತು, ಅದೂ ಮರೆತಿದೆ. ಬರೆದವರು ಹಿಮದ ಮೇಲೆ ನಡೆದವರಲ್ಲ ಅನಿಸುತ್ತದೆ. ಮುಂದೆ ಹೋದವಳು ಎದೆಮಟ್ಟದ ಹಿಮವನ್ನು ಒಡೆದು ದಾರಿ ಮಾಡುತ್ತಾಳೆ, ಹಿಂದೆ ಬಂದವಳು ಅದೇ ಗುಂಡಿಗಳಲ್ಲಿ ಕಾಲಿಡುತ್ತಾಳೆ, ಸಂಜೆ ತಿರುಗಿ ನೋಡಿದರೆ ಉಳಿದಿರುವುದು ಹಿಂದೆ ಬಂದವಳ ಗುರುತು. ಒಂದೇ ಹೇಗಾದೀತು?

ಇರಲಿ. ನಿನ್ನ ಪತ್ರ ಬಂತು. ಆಕ್-ಬೆಲ್ ಹಿಮನದಿಯನ್ನು ಅಳೆಯುವ ನಿಲ್ದಾಣದಲ್ಲಿ ಕೆಲಸ ಸಿಕ್ಕಿತೆಂಬುದನ್ನು ಮೊದಲ ಸಾಲಿನಲ್ಲೇ ಬರೆದಿದ್ದೀಯ. ಅಲ್ಲಿನ ಮುಖ್ಯಸ್ಥೆ ಯಾರೆಂಬುದನ್ನು ಮಾತ್ರ ಸಹಿಯ ಕೆಳಗೆ, 'ಅಂದಹಾಗೆ' ಎಂದು ಸೇರಿಸಿದ್ದೀಯ. ನನ್ನ ಮಗಳೇ ಸರಿ. ನಾನೂ ಹಾಗೇ ಮಾಡುತ್ತಿದ್ದೆ.

ಕಾಕಿಶ್ ಇನ್ನೂ ಮೇಲೆ ಹಿಮನದಿಯಲ್ಲೇ ಇದ್ದಾಳೆ ಎಂದು ಗೊತ್ತಿತ್ತು. ನೀನು ಅವಳ ಕೈಕೆಳಗೆ ಹೋಗುತ್ತೀಯ ಎಂದು ಗೊತ್ತಿರಲಿಲ್ಲ. ಅಭಿನಂದನೆ. ಶಾಲೆಯಲ್ಲಿ ಎಲ್ಲರಿಗೂ ಹೇಳಿದೆ. 'ನಿಮ್ಮ ಜಾಗಕ್ಕೆ ಮಗಳು ಬಂದಳು ಅನ್ನಿ' ಎಂದು ಗಣಿತದ ಮೇಷ್ಟ್ರು ನಕ್ಕರು. ನಾನೂ ನಕ್ಕೆ.

ಈಗ ಬೂಟಿನ ವಿಷಯ. ನಿಲ್ದಾಣದವರು ಕೊಡುವುದು ಗಂಡಸರ ನಲವತ್ತೆರಡರ ಅಳತೆ. ಅದರೊಳಗೆ ನಿನ್ನ ಕಾಲು ಬಾವಿಗೆ ಬಿಟ್ಟ ಕೊಡದ ಹಾಗಿರುತ್ತದೆ. ಫ್ರುಂಝೆಯ ಅಂಗಡಿಗಳಲ್ಲಿ ಸಿಗುವುದಕ್ಕೆ ಅಟ್ಟೆಯನ್ನು ಹೊಲಿದಿರುವುದಿಲ್ಲ, ಅಂಟಿಸಿರುತ್ತಾರೆ. ಮೂರು ಸಲ ಒದ್ದೆಯಾಗಿ ಒಣಗಿದರೆ ಬಾಯಿ ಬಿಡುತ್ತದೆ. ಇಲ್ಲಿ ಯೂನುಸ್ ಉಸ್ತಾ ಇನ್ನೂ ಅಂಗಡಿ ತೆರೆಯುತ್ತಾನೆ, ಅವನಲ್ಲೇ ಹೊಲಿಸುತ್ತೇನೆ. ನಿನ್ನ ಪಾದದ ಗೆರೆ ಎಳೆದು ಕಳಿಸು. ಬೆಳಿಗ್ಗೆ ಎಳೆಯಬೇಡ, ದಿನವಿಡೀ ಓಡಾಡಿ ಕಾಲು ಊದಿದ ಮೇಲೆ ಸಂಜೆ ಎಳೆ. ಕೂತು ಎಳೆಯಬೇಡ. ಬೆನ್ನಿಗೆ ಭಾರ ಹೊತ್ತು ನಿಂತರೆ ಪಾದ ಎಷ್ಟು ಅಗಲವಾಗುತ್ತದೋ ಅಷ್ಟೇ ನಿಜವಾದ ಅಳತೆ. ಎರಡೂ ಕಾಲಿನದು ಬೇಕು. ಯಾರ ಎರಡು ಕಾಲೂ ಒಂದೇ ಸಮ ಇರುವುದಿಲ್ಲ.

ನಿನ್ನ ಅಮ್ಮ,
ಸಾಬಿರಾ


ಫ್ರುಂಝೆ
೧೪ ಏಪ್ರಿಲ್

ಅಮ್ಮಾ,

ಹಾಳೆ ಇದರ ಜೊತೆಗಿದೆ. ಸಂಜೆ ಏಳು ಗಂಟೆಗೆ, ಬೆನ್ನಿಗೆ ಪುಸ್ತಕದ ಚೀಲ ಹೊತ್ತು, ನೆಲದ ಮೇಲೆ ನಿಂತೇ ಎಳೆಸಿದ್ದು. ಎಳೆದವಳು ನನ್ನ ಕೋಣೆಯ ಗೆಳತಿ. ಎಡಗಾಲಿನ ಕಿರುಬೆರಳ ಹತ್ತಿರ ಗೆರೆ ವಕ್ರವಾಗಿದೆಯಲ್ಲ, ಅಲ್ಲಿ ನನಗೆ ಕಚಗುಳಿಯಾಯಿತು. ಅದು ಕಾಲಲ್ಲ, ನಗು ಅಂತ ಉಸ್ತಾಗೆ ಹೇಳು.

ದಪ್ಪ ಉಣ್ಣೆಯ ಕಾಲುಚೀಲ ನಾಲ್ಕು ಜೊತೆ ಕೊಂಡಿದ್ದೇನೆ. ಬೂದು ಬಣ್ಣದ್ದು, ನಿನಗಿಷ್ಟವಾಗುತ್ತಿತ್ತು.

ಸಿಟ್ಟಾ? ಕಾಕಿಶ್ ಎಜೆಯ (ಅಕ್ಕ ಅಂದದ್ದಕ್ಕೆ ಬೈಯಬೇಡ) ಬಗ್ಗೆ ನೀನು ನನಗೆ ಹೇಳಿದ್ದು ಒಂದೇ ಮಾತು, 'ನನ್ನ ಜಾಗ ಕಿತ್ತುಕೊಂಡವಳು' ಅಂತ. ಹೇಗೆ ಕಿತ್ತುಕೊಂಡರು ಅಂತ ನಾನು ಕೇಳಿದಾಗೆಲ್ಲ ನೀನು ಎದ್ದು ಚಹಾಕ್ಕೆ ನೀರಿಡುತ್ತಿದ್ದೆ. ಸಂದರ್ಶನದ ದಿನ ಅವರು ನನ್ನ ಕಾಗದ ಓದಿ ತಲೆಯೆತ್ತಿ, 'ಸಾಬಿರಾಳ ಮಗಳಾ?' ಅಂದರು. ಹೌದು ಅಂದೆ. ಕಾಗದ ಮಡಚಿ ಪಕ್ಕಕ್ಕಿಟ್ಟರು. ಆಮೇಲೆ ಹಿಮದ ಸಾಂದ್ರತೆ ಹೇಗೆ ಅಳೆಯುತ್ತಾರೆ ಅಂತ ಕೇಳಿದರು. ಅಷ್ಟೇ.

ನಿನ್ನ ದಾಮಿರಾ


ನಾರಿನ್
೬ ಮೇ

ದಾಮಿರಾ,

ಬೂಟು ಮುಗಿದಿದೆ. ಡೀಸೆಲ್ ಒಯ್ಯುವ ಲಾರಿಯಲ್ಲಿ ನೇರ ಆಕ್-ಬೆಲ್‌ಗೇ ಕಳಿಸುತ್ತಿದ್ದೇನೆ, ನೀನು ಹೋಗುವಷ್ಟರಲ್ಲಿ ಅಲ್ಲಿರುತ್ತದೆ. ಬೂಟಿನೊಳಗೆ ತುರುಕಿರುವುದು ನಾನೇ ಮೊಸರು ಒಣಗಿಸಿ ಮಾಡಿದ ಕುರುತ್. ಒಂದೊಂದೇ ಉಂಡೆ ಬಾಯಲ್ಲಿಟ್ಟುಕೊ, ಏರಿನಲ್ಲಿ ಗಂಟಲು ಒಣಗುವುದಿಲ್ಲ.

ಯೂನುಸ್ ಉಸ್ತಾನ ಒಂದು ಕಣ್ಣಿಗೆ ಪೊರೆ ಬಂದಿದೆ. ಆದರೂ ತೊಗಲನ್ನು ಹೆಬ್ಬೆರಳಿನಲ್ಲೇ ಓದುತ್ತಾನೆ. ನಾನು ಆರಿಸಿಕೊಟ್ಟ ತುಂಡನ್ನು ಮಡಚಿ ನೋಡಿ ನನ್ನ ಮಡಿಲಿಗೇ ಎಸೆದ.

"ಇದು ಹೊಟ್ಟೆ ಭಾಗದ್ದು ಕಣಮ್ಮ. ದಿನಾ ಇಷ್ಟಿಷ್ಟೇ ಹಿಗ್ಗುತ್ತೆ. ನಂಬಿಕೆ ಬರದಿದ್ರೆ ನನ್ನದೇ ನೋಡು."

"ಮತ್ತೆ ಯಾವುದು ಒಳ್ಳೇದು?"

"ಚಮರಿ ಹೋರೀದು, ಹೆಗಲಿನ ಭಾಗದ್ದು. ಹೊರೆ ಹೊತ್ತು ಅಭ್ಯಾಸ ಇರೋ ತೊಗಲು, ಅದಕ್ಕೆ ಏನೂ ಹೊಸದಾಗಿ ಕಲಿಸ್ಬೇಕಾಗಿಲ್ಲ. ಎಲ್ಲಿಗೆ ಹೋಗ್ತಾಳೆ ಹುಡುಗಿ?"

"ಆಕ್-ಬೆಲ್‌ಗೆ."

"ಓಹೋ, ಕಾಕಿಶ್ ಹತ್ರ! ಅವಳಿಗೆ ಆರು ಜೊತೆ ಹೊಲಿದಿದ್ದೀನಿ. ಆರನ್ನೂ ಅಟ್ಟೆ ಕಾಗದ ಆಗೋವರೆಗೆ ಸವೆಸಿದ್ದಾಳೆ, ಪುಣ್ಯಾತ್ಗಿತ್ತಿ. ನಿಂಗೆ ಹೊಲಿದದ್ದು ಒಂದೇ ಅಲ್ವಾ?"

ಒಂದೇ. ಒಂದೇ ಋತು ಹಾಕಿಕೊಂಡದ್ದು, ಆಮೇಲೆ ಯಾರಿಗೋ ಕೊಟ್ಟೆ. ಇಷ್ಟು ವರ್ಷದ ಮೇಲೂ ಆ ಮುದುಕನಿಗೆ ಲೆಕ್ಕ ನೆನಪಿರಬೇಕೇ! ಅವನು ಇನ್ನೂ ಏನೇನೋ ಕೇಳಿದ. ಉತ್ತರ ಹೇಳಿದೆ.

ಹೊಲಿಗೆ ಎರಡು ಸಾಲು, ಮೇಣ ಹಚ್ಚಿದ ದಾರ. ಬೂಟಿನ ನಾಲಿಗೆಯನ್ನು ಎರಡೂ ಬದಿಗೆ ಸೇರಿಸಿ ಹೊಲಿದಿದ್ದಾನೆ, ಹಿಮ ಒಳಗೆ ಬರುವುದಿಲ್ಲ. ಒದ್ದೆಯಾದರೆ ಒಲೆಯ ಹತ್ತಿರ ಇಡಬೇಡ, ತೊಗಲು ಸಿಡಿಯುತ್ತದೆ. ಒಣಹುಲ್ಲು ತುಂಬಿ ನೆರಳಿನಲ್ಲಿಡು. ವಾರಕ್ಕೊಮ್ಮೆ ಕುರಿಯ ಬಾಲದ ಕೊಬ್ಬು ಹಚ್ಚು.

ಅವಳಿಗೆ ನನ್ನ ನಮಸ್ಕಾರ ತಿಳಿಸಬೇಕಾಗಿಲ್ಲ. ಕೇಳಿದರೆ ತಿಳಿಸು.

ಅಮ್ಮ


ಆಕ್-ಬೆಲ್ ನಿಲ್ದಾಣ
೨ ಜೂನ್

ಅಮ್ಮಾ,

ಬೂಟನ್ನು ಇಲ್ಲಿ ಎಲ್ಲರೂ ಎತ್ತಿ ಎತ್ತಿ ನೋಡಿದರು. ಅಡುಗೆಯವರು ಮೂಸಿಯೂ ನೋಡಿದರು. ಆದರೆ ನಾಲ್ಕನೇ ದಿನಕ್ಕೆ ನನ್ನ ಎರಡು ಹಿಮ್ಮಡಿಯೂ ಸುಲಿದುಹೋದವು. ದಾರ ಎಷ್ಟು ಬಿಗಿದರೂ ಕಾಲು ಒಳಗೆ ಎದ್ದು ಬೀಳುತ್ತಿತ್ತು. ಎರಡೆರಡು ಕಾಲುಚೀಲ ಹಾಕಿದೆ, ಅವು ಸುರುಳಿಯಾಗಿ ಬೆರಳ ಬುಡಕ್ಕೆ ಸೇರಿಕೊಂಡವು. ಯಾರಿಗೂ ಹೇಳದೆ ನಡೆದೆ. ಕೊನೆಗೆ ಕಾಕಿಶ್ ಎಜೆ ನನ್ನ ಹಿಂದೆ ಬರುತ್ತಿದ್ದವರು, "ಏ ಹುಡುಗಿ, ನಿಲ್ಲು. ಬಾತುಕೋಳಿ ಹಾಗೆ ಯಾಕೆ ನಡೀತಿದ್ದೀಯ? ಕೂತ್ಕೋ" ಅಂದರು.

ಬೂಟು ಬಿಚ್ಚಿ ಒಳಗೆ ಕೈಯಾಡಿಸಿ ನೋಡಿದರು.

"ಯೂನುಸ್ ಉಸ್ತಾಂದು. ಹಾಗಾದ್ರೆ ಬೂಟಿಂದೇನೂ ತಪ್ಪಿಲ್ಲ. ಇದೇನಿದು ನಿನ್ನ ಕಾಲಲ್ಲಿ?"

"ಕಾಲುಚೀಲ, ಎಜೆ."

"ಇದನ್ನ ತಲೆಗೆ ಹಾಕ್ಕೋ, ಬೆಚ್ಚಗಿರುತ್ತೆ."

ತಮ್ಮ ಚೀಲದಿಂದ ಫ್ಲಾನೆಲ್ ಬಟ್ಟೆ ತೆಗೆದು ಉದ್ದಕ್ಕೆ ಹರಿದರು. ಕಾಕಿಶ್ ಎಜೆ ನನ್ನ ಪಾದವನ್ನು ತಮ್ಮ ಮೊಣಕಾಲ ಮೇಲಿಟ್ಟುಕೊಂಡು ಸುತ್ತಿದರು. ಬೆರಳ ಕೆಳಗಿಂದ ಮೇಲಕ್ಕೆ, ಹಿಮ್ಮಡಿ ಬಳಸಿ ಮತ್ತೆ ಮುಂದಕ್ಕೆ. "ಒಂದು ಮಡಿಕೆ ಉಳಿದ್ರೂ ಸಂಜೆಗೆ ಅದು ಚಾಕು ಆಗಿರುತ್ತೆ" ಅಂದರು. ಆಮೇಲೆ ಬೂಟು ಹಾಕಿದೆ. ಅಮ್ಮಾ, ಅದು ನನ್ನ ಕಾಲನ್ನು ಕೈಯಿಂದ ಹಿಡಿದುಕೊಂಡ ಹಾಗೆ ಹಿಡಿದುಕೊಂಡಿತು! ಬಟ್ಟೆಗೆಂದೇ ಒಳಗೆ ಜಾಗ ಬಿಟ್ಟು ಹೊಲಿದಿದ್ದಾರೆ.

ಎಷ್ಟು ಚೆನ್ನಾಗಿ ಸುತ್ತುತ್ತೀರಿ ಅಂದೆ. ಕಾಕಿಶ್ ಎಜೆ, "ಈ ಸುತ್ತು ನಂದಲ್ಲ. ನಿಮ್ಮಮ್ಮಂದು. ನಾನು ಮೊದಲ ಸಲ ಬಂದಾಗ ಅವಳೇ ಹಿಮದ ಮೇಲೆ ಮಂಡಿಯೂರಿ ಕಲಿಸಿದ್ದು" ಅಂದರು. ಹೌದಾ? ನನಗೆ ಯಾಕೆ ಯಾವತ್ತೂ ಕಲಿಸಲಿಲ್ಲ?

ಹದಿನಾರನೇ ತಾರೀಖು ನಾಲ್ಕು ಜನ ಹಿಮನದಿ ದಾಟಿ ಆಚೆ ಕಣಿವೆಗೆ ಹೋಗಬೇಕು, ಎಂಟು ದಿನದ ನಡಿಗೆ. ನನ್ನ ಹೆಸರೂ ಇದೆ. ಅಷ್ಟರಲ್ಲಿ ಗಾಯ ಒಣಗದಿದ್ದರೆ ನನ್ನ ಬದಲು ಬೇರೆಯವರನ್ನು ಕರೆಸಿ, ನನ್ನನ್ನು ಈ ವರ್ಷದ ಮಟ್ಟಿಗೆ ಕೆಳಗೆ ಕಳಿಸುತ್ತಾರೆ. ಕಾಕಿಶ್ ಎಜೆ ದಿನಾ ಎರಡು ಸಲ ಹಿಮ್ಮಡಿ ನೋಡುತ್ತಾರೆ.

ದಾಮಿರಾ


ನಾರಿನ್
೯ ಜೂನ್

ದಾಮಿರಾ,

ನಿನ್ನ ಪತ್ರವನ್ನು ಮೂರು ಸಲ ಓದಿದೆ. ಅದರಲ್ಲಿ ಎಲ್ಲಿ ನೋಡಿದರೂ ಕಾಕಿಶ್ ಎಜೆ. ಸುತ್ತಿದಳಂತೆ, ಹರಿದಳಂತೆ, ಮೊಣಕಾಲ ಮೇಲಿಟ್ಟುಕೊಂಡಳಂತೆ. ಇಷ್ಟು ಚಿಕ್ಕ ಗಾಯಕ್ಕೆ ಇಷ್ಟು ದೊಡ್ಡ ಶುಶ್ರೂಷೆ! ನೀನು ಮಗುವಾಗಿದ್ದಾಗ ನಿನ್ನ ಪಾದ ಮುಟ್ಟಿದರೆ ಸಾಕು, ಒದೆಯುತ್ತಿದ್ದೆ. ಅವಳಿಗೆ ಒದೆಯಲಿಲ್ಲವೆಂದು ಕಾಣುತ್ತದೆ.

ಅವಳ ಕೈ ಈಗಲೂ ತಣ್ಣಗಿರುತ್ತದೆಯೇ? ಆಗೆಲ್ಲ ಮಂಜುಗಡ್ಡೆಯಂತಿರುತ್ತಿತ್ತು. ಗುಡಾರದಲ್ಲಿ ನನ್ನ ಕಂಕುಳಿಗೆ ಕೈ ತೂರಿಸಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದಳು. ಕೇಳಬೇಡ. ಸುಮ್ಮನೆ ಬರೆದೆ.

ಗಾಯ ಇಟ್ಟುಕೊಂಡು ಹಿಮನದಿಗೆ ಹೋಗಬೇಡ. ಲಾರಿ ಹತ್ತಿ ಬಾ. ಇದರಲ್ಲಿ ಅವಮಾನವೇನೂ ಇಲ್ಲ. ಇಲ್ಲಿ ಶಾಲೆಯಲ್ಲಿ ಭೂಗೋಳಕ್ಕೆ ಇನ್ನೊಬ್ಬರು ಬೇಕಾಗಿದ್ದಾರೆ. ನಾನು ಬದುಕಿಲ್ಲವೇ ಇಷ್ಟು ವರ್ಷ?

ಅಮ್ಮ


ಆಕ್-ಬೆಲ್
೨೬ ಜೂನ್

ಸಾಬಿರಾ ಎಜೆ,

ಇಪ್ಪತ್ತಮೂರು ವರ್ಷದಲ್ಲಿ ನಿಮಗೆ ಬರೆಯುವ ಮೊದಲ ಪತ್ರ ಇದು. ಮೊದಲು ಸುದ್ದಿ ಹೇಳಿಬಿಡುತ್ತೇನೆ. ದಾಮಿರಾ ಹೋಗಿ ಬಂದಳು. ಗಾಯ ಹದಿನಾಲ್ಕಕ್ಕೇ ಒಣಗಿತ್ತು. ಎಂಟು ದಿನವೂ ಮುಂದೆ ನಡೆದು ಹಿಮ ಒಡೆದವಳು ಅವಳೇ. ಬಿಡುವಿದ್ದಾಗ ಹಾಡುತ್ತಾಳೆ, ಶ್ರುತಿ ಇಲ್ಲ. ಅದೂ ನಿಮ್ಮದೇ.

ಇನ್ನೊಂದು ಮಾತು. ಯೂನುಸ್ ಉಸ್ತಾ ಆರು ಸಲವೂ ಬೂಟು ಹೊಲಿಯುವ ಮೊದಲು ನನ್ನನ್ನು ಒಂದು ಪ್ರಶ್ನೆ ಕೇಳಿದ್ದಾನೆ. ಅದನ್ನು ಕೇಳದೆ ಅವನು ಉಳಿಯನ್ನೇ ಮುಟ್ಟುವುದಿಲ್ಲ. ನಿಮ್ಮನ್ನೂ ಕೇಳಿರುತ್ತಾನೆ. ನೀವು ಏನು ಹೇಳಿದಿರೆಂದು ಬೂಟಿನೊಳಗೆ ಕೈ ಹಾಕಿದಾಗಲೇ ನನಗೆ ತಿಳಿಯಿತು. ಹುಡುಗಿಗೆ ಹೇಳಿಲ್ಲ. ಹೇಳುವುದೂ ಇಲ್ಲ.

ನಿಮ್ಮ ತಲೆ ತಗ್ಗಿಸಲು ಇದನ್ನು ಬರೆಯುತ್ತಿಲ್ಲ. ಅರವತ್ತನಾಲ್ಕರ ಶರತ್ಕಾಲದಲ್ಲಿ ಚಳಿಗಾಲ ಪೂರ್ತಿ ಮೇಲೆ ಉಳಿಯಲು ಒಬ್ಬ ಹೆಂಗಸಿಗೆ ಮಾತ್ರ ಜಾಗವಿತ್ತು. ಪಟ್ಟಿಯಲ್ಲಿ ನಿಮ್ಮ ಹೆಸರಿತ್ತು. ನೀವು ಬೆಳಗ್ಗೆ ಗುಡಾರದ ಹಿಂದೆ ಹೋಗಿ ವಾಂತಿ ಮಾಡುವುದನ್ನು ನೋಡಿದ್ದವಳು ನಾನೊಬ್ಬಳೇ. ನಾನೇ ಹೋಗಿ ಆಗಿನ ಮುಖ್ಯಸ್ಥರಿಗೆ ಹೇಳಿದೆ. ಎಂಟು ತಿಂಗಳು ದಾರಿ ಮುಚ್ಚಿರುತ್ತದೆ, ಹೆರಿಗೆಯಾದರೆ ಇಬ್ಬರೂ ಉಳಿಯುವುದಿಲ್ಲ ಎಂದು ನಿಮಗಾಗಿ ಹೇಳಿದೆ. ನನಗಾಗಿಯೂ ಹೇಳಿದೆ. ಯಾವುದು ಎಷ್ಟು ಪಾಲು ಎಂದು ಇಷ್ಟು ವರ್ಷ ತೂಗಿ ನೋಡುತ್ತಲೇ ಇದ್ದೇನೆ, ತಕ್ಕಡಿ ನಿಲ್ಲುವುದೇ ಇಲ್ಲ. ನೀವು ಹಿಮ ಒಡೆದಿರಿ, ನಾನು ಆ ಗುಂಡಿಗಳಲ್ಲೇ ಕಾಲಿಟ್ಟು ಇಲ್ಲಿಗೆ ಬಂದೆ.

ಹಿಮ ಎಷ್ಟು ಕರಗಿದೆಯೆಂದು ತಿಳಿಯಲು ಸೆಪ್ಟೆಂಬರಿನಲ್ಲಿ ಹಿಮನದಿಯ ಮೇಲೆ ನೆಟ್ಟ ಕೋಲುಗಳನ್ನೆಲ್ಲ ಅಳೆಯಬೇಕು. ಹತ್ತು ದಿನದ ಕೆಲಸ, ಒಬ್ಬರು ಕಡಿಮೆ ಇದ್ದಾರೆ. ಅಳತೆ ಗೊತ್ತಿರುವವರು ಬೇಕು. ಯೋಚಿಸಿ.

ಕಾಕಿಶ್


ನಾರಿನ್
೮ ಜುಲೈ

ದಾಮಿರಾ,

ಇದನ್ನು ಕೂತು ಓದು.

ಆವತ್ತು ಉಸ್ತಾ ಕೇಳಿದ ಮಾತು ಇದು: "ಬಟ್ಟೆ ಸುತ್ತೋ ಕಾಲೋ, ಚೀಲ ಹಾಕೋ ಕಾಲೋ?" ಬಟ್ಟೆ ಸುತ್ತುವವರಿಗೆ ಅವನು ಕಾಲಿನಾಕಾರದ ಮರದ ಅಚ್ಚಿನ ಮೇಲೆ ಒಂದು ಪದರ ತೊಗಲು ಹೊಡೆದು ಬೂಟನ್ನು ಅಷ್ಟು ಸಡಿಲ ಮಾಡುತ್ತಾನೆ. ನಿನ್ನ ಬೂದು ಕಾಲುಚೀಲದ ವಿಷಯ ಬರೆದಿದ್ದ ಪತ್ರ ನನ್ನ ಕೈಚೀಲದಲ್ಲೇ ಇತ್ತು. ನಾನು "ಬಟ್ಟೆ ಸುತ್ತೋ ಕಾಲು" ಎಂದೆ.

ಬಾಯಿ ತಪ್ಪಿ ಬಂದದ್ದಲ್ಲ. ಅವನು "ಈಗಿನ ಹುಡುಗೀರಿಗೆ ಸುತ್ತೋಕೆ ಬರುತ್ತಾ?" ಎಂದು ಇನ್ನೊಮ್ಮೆ ಕೇಳಿದ. "ನಾನು ಕಲಿಸಿದ್ದೀನಿ" ಎಂದೆ. ನಿನಗೆ ಕಲಿಸಲೂ ಇಲ್ಲ, ಬರೆಯಲೂ ಇಲ್ಲ. ಬೂಟಿನ ಬಗ್ಗೆ ಎಲ್ಲ ಬರೆದೆ, ಕೊಬ್ಬು, ಒಣಹುಲ್ಲು, ಹೊಲಿಗೆ, ಇದೊಂದನ್ನು ಬಿಟ್ಟು. ಹಿಮ್ಮಡಿ ಸುಲಿದರೆ ಒಂದು ವಾರದಲ್ಲಿ ಕೆಳಗೆ ಬರುತ್ತೀಯ ಎಂದುಕೊಂಡೆ. ಅದಕ್ಕಿಂತ ಹೆಚ್ಚು ನೋವಾಗುವುದಿಲ್ಲ ಎಂದೂ ನನಗೆ ನಾನೇ ಹೇಳಿಕೊಂಡೆ. ಅಮ್ಮಂದಿರು ಹೀಗೂ ಲೆಕ್ಕ ಹಾಕುತ್ತಾರೆ ಎಂದು ನನಗೆ ಗೊತ್ತಿರಲಿಲ್ಲ.

ಕಾಕಿಶ್ ನಿನ್ನ ಕಾಲನ್ನು ಮುಟ್ಟುವುದು ನನಗೆ ಬೇಡವಾಗಿತ್ತು. ನಾನೇ ಅದಕ್ಕೆ ದಾರಿ ಮಾಡಿಕೊಟ್ಟೆ.

ಅವಳ ಮೇಲೆ ಮಾತ್ರ ಹೊಟ್ಟೆಕಿಚ್ಚು ಎಂದು ಬರೆದರೆ ಅರ್ಧ ಸುಳ್ಳು. ನಿನ್ನ ಮೇಲೂ. ನೀನು ಕಳಿಸಿದ ಹಾಳೆಯನ್ನು ನೆಲದ ಮೇಲಿಟ್ಟು, ಬಾಗಿಲು ಹಾಕಿ, ಅದರ ಮೇಲೆ ನನ್ನ ಪಾದವಿಟ್ಟು ನೋಡಿದ್ದೆ. ನನ್ನದು ಗೆರೆಯಾಚೆ ಬಂದಿತ್ತು, ತರಗತಿಯಲ್ಲಿ ನಿಂತೂ ನಿಂತೂ ಅಗಲವಾದ ಕಾಲು. ಆ ಗೆರೆಯೊಳಗೆ ಹಿಡಿಸುತ್ತಿದ್ದ ಕಾಲು ನನಗೂ ಇತ್ತು.

ಕಾಕಿಶ್ ನನ್ನ ಜಾಗ ಹೇಗೆ ಕಿತ್ತುಕೊಂಡಳು ಎಂದು ಕೇಳುತ್ತಿದ್ದೆಯಲ್ಲ. ನಾನು ಗರ್ಭಿಣಿ ಎಂದು ಮುಖ್ಯಸ್ಥರಿಗೆ ಹೇಳಿದಳು. ಹೊಟ್ಟೆಯಲ್ಲಿದ್ದದ್ದು ನೀನು. ನಿನ್ನ ಅಪ್ಪನಿಗೂ ಹೇಳದೆ, ಬಚ್ಚಿಟ್ಟುಕೊಂಡು ಮೇಲೆ ಉಳಿಯಬೇಕೆಂದಿದ್ದೆ. ಉಳಿದಿದ್ದರೆ ಈ ಪತ್ರ ಬರೆಯಲು ನಾನೂ ಇರುತ್ತಿರಲಿಲ್ಲ, ಓದಲು ನೀನೂ ಇರುತ್ತಿರಲಿಲ್ಲ. ಇದು ಗೊತ್ತಿದ್ದೂ ಅವಳನ್ನು ಕ್ಷಮಿಸಲಿಲ್ಲ. ಅವಳು ಸರಿಯಾಗಿಯೇ ಮಾಡಿದ್ದಳು, ನನಗೆ ತಡೆಯಲಾಗದ್ದೇ ಅದು.

ನಿನ್ನ ಹಿಮ್ಮಡಿಗಳ ಮೇಲೆ ಗುರುತು ಉಳಿದಿದೆಯೇ?

ಅಮ್ಮ


ಆಕ್-ಬೆಲ್
೨೦ ಆಗಸ್ಟ್

ಅಮ್ಮಾ,

ಗುರುತು ಉಳಿದಿದೆ. ಎರಡೂ ಕಾಲಿಗೆ.

ನಿನ್ನ ಪತ್ರ ಆರು ವಾರದಿಂದ ನನ್ನ ಕೋಟಿನ ಒಳಜೇಬಿನಲ್ಲಿದೆ. ನಾಲ್ಕು ಸಲ ಉತ್ತರ ಬರೆದೆ, ನಾಲ್ಕನ್ನೂ ಒಲೆಗೆ ಹಾಕಿದೆ. ಸಿಟ್ಟು ಬಂದಿದೆ. ಇನ್ನೂ ಇದೆ. ಹೊರಗಿನವರು ಯಾರಾದರೂ ಹೀಗೆ ಮಾಡಿದ್ದರೆ ನಾನು ನಿನಗೇ ಬರೆದು ಅಳುತ್ತಿದ್ದೆ. ಈಗ ಯಾರಿಗೆ ಬರೆಯಲಿ?

ಇದೆಲ್ಲ ನಿಜವಾ ಅಂತ ಕಾಕಿಶ್ ಎಜೆಯನ್ನು ಕೇಳಿದೆ. "ನಿಮ್ಮಮ್ಮನ್ನೇ ಕೇಳು" ಅಂದರು. "ಕೇಳಿದ್ದಾಯ್ತು" ಅಂದೆ. "ಹಾಗಾದ್ರೆ ನನ್ನನ್ನ ಯಾಕೆ ಕೇಳ್ತೀಯ? ಹೋಗಿ ಆಲೂಗಡ್ಡೆ ಸುಲಿ" ಅಂದರು.

ಸೆಪ್ಟೆಂಬರ್ ಎರಡರಂದು ಬೆಳಿಗ್ಗೆ ಆರಕ್ಕೆ ಡೀಸೆಲ್ ಲಾರಿ ನಾರಿನ್‌ನಿಂದ ಹೊರಡುತ್ತದೆ. ಬಾ ಅಂತ ಕರೆಯುತ್ತಿಲ್ಲ. ಬರಬೇಡ ಅಂತಲೂ ಬರೆಯುತ್ತಿಲ್ಲ.

ದಾಮಿರಾ


ನಾರಿನ್
೨೭ ಆಗಸ್ಟ್

ದಾಮಿರಾ,

ಕಾಕಿಶ್‌ಗೆ ಉತ್ತರ ಬರೆದಿಲ್ಲ. 'ಬರುತ್ತೇನೆ' ಎಂದು ಬರೆಯಲು ಕೂತರೆ, ಅವಳು ಬಾಗಿಲಲ್ಲಿ ನಿಂತು ನನ್ನನ್ನು ಒಳಗೆ ಕರೆಯುವ ದೃಶ್ಯ ಕಣ್ಣಿಗೆ ಕಟ್ಟುತ್ತದೆ. ಅವಳ ಮನೆಗೆ ಹೋದ ಹಾಗೆ, ಅವಳು ಕೊಟ್ಟ ಚಹಾ ಕುಡಿದ ಹಾಗೆ. ನೀನು ಅವಳ ಪಕ್ಕದಲ್ಲಿ ನಿಂತಿರುತ್ತೀಯ. ಹೊಟ್ಟೆಕಿಚ್ಚು ಇಳಿದಿದೆ ಎಂದು ಬರೆದು ನಿನ್ನನ್ನು ಸಮಾಧಾನ ಮಾಡಲಾರೆ. ಸುಳ್ಳು ಒಂದು ಸಲಕ್ಕೆ ಸಾಕು.

ಆದರೆ ಶಾಲೆಯಲ್ಲಿ ಹನ್ನೆರಡು ದಿನದ ರಜೆ ಕೇಳಿದ್ದೇನೆ. ಹೊಸ ಶಾಲಾವರ್ಷದ ತರಗತಿ ಶುರುವಾಗುವ ದಿನಗಳಲ್ಲಿ ರಜೆಯೇ ಎಂದು ಮುಖ್ಯೋಪಾಧ್ಯಾಯಿನಿ ಕನ್ನಡಕ ತೆಗೆದು ನೋಡಿದರು. ಬೇಡವೆನ್ನಲಿಲ್ಲ. ಯೂನುಸ್ ಉಸ್ತಾ ನನ್ನ ಹೊಸ ಅಳತೆ ತೆಗೆದು, "ಕಾಲಿಗೂ ವಯಸ್ಸಾಗುತ್ತೆ ಕಣಮ್ಮ, ನಾಚ್ಕೋಬೇಡ" ಎಂದು ಎರಡು ಬೆರಳು ಅಗಲ ಮಾಡಿ ಹೊಲಿದುಕೊಟ್ಟ. ತೊಗಲು ಇನ್ನೂ ಗಟ್ಟಿಯಿದೆ. ಅದು ಮೆತ್ತಗಾಗಲೆಂದು ಮೂರು ದಿನದಿಂದ ಅಡುಗೆಮನೆಯಿಂದ ಕಿಟಕಿಗೆ, ಕಿಟಕಿಯಿಂದ ಅಡುಗೆಮನೆಗೆ ನಡೆಯುತ್ತಿದ್ದೇನೆ. ಲಾರಿ ಹತ್ತುತ್ತೇನೋ ಇಲ್ಲವೋ, ನಡೆಯುವಾಗ ಹತ್ತುತ್ತೇನೆ ಅನಿಸುತ್ತದೆ, ತಿರುಗುವಾಗ ಇಲ್ಲ ಅನಿಸುತ್ತದೆ.

ಅಮ್ಮ, ಸಾಬಿರಾ

ಸಹಿ ಮಾಡಿ ಲಕೋಟೆ ಅಂಟಿಸುವಾಗ ಬಾಗಿಲು ಬಡಿದ ಸದ್ದಾಯಿತು, ಅದಕ್ಕೇ ಈ ನಾಲ್ಕು ಸಾಲು ಹೆಚ್ಚಿಗೆ. ಬಂದವಳು ನನ್ನ ಕೆಳಗಿನ ಮಹಡಿಯ ಬತ್ಮಾ, ಬೆಳಗಿನ ಜಾವ ರೊಟ್ಟಿ ಕಾರ್ಖಾನೆಗೆ ಹೋಗಿಬಂದು ಹಗಲು ಮಲಗುವವಳು. ಕೂದಲು ಕೆದರಿತ್ತು, ಒಂದು ಕೆನ್ನೆಯ ಮೇಲೆ ದಿಂಬಿನ ಗೆರೆ. ಒಳಗೆ ಬಾ ಎಂದರೂ ಬರಲಿಲ್ಲ. ನನ್ನ ಭುಜದ ಮೇಲಿಂದ ಇಡೀ ಕೋಣೆಯನ್ನು ಒಂದು ಸುತ್ತು ನೋಡಿ, ದನಿ ತಗ್ಗಿಸಿ ಹೇಳಿದಳು:

"ಸಾಬಿರಾ, ಮೂರು ದಿನದಿಂದ ನಿನ್ನ ಮನೇಲಿ ಯಾರೋ ಬೂಟು ಹಾಕ್ಕೊಂಡು ಓಡಾಡ್ತಿದ್ದಾರೆ. ಯಾರು ಅಂತ ನಾನು ಕೇಳಲ್ಲ, ನಂಗೆ ಬೇಡ. ಯಾರೇ ಆಗ್ಲಿ, ಒಂದಾ ಕೂತ್ಕೊಳ್ಳೋಕೆ ಹೇಳು, ಇಲ್ಲಾ ಹೊರಡೋಕೆ ಹೇಳು."